ಕಾರಣ ಹೇಳದ ದೇವರು

ಆ ಊರಿನಲ್ಲಿ ಕಾರಣವಿಲ್ಲದೆ ಯಾರೂ ಸೀನುವಂತಿರಲಿಲ್ಲ. ಕಾಲು ಉಳುಕಿದರೆ, ದೇವರ ತೋಪಿನಲ್ಲಿ ಸೌದೆ ಕಡಿದಿದ್ದೆಯಾ ಎಂದು ಕೇಳುವರು. ಹಸು ದಿನ ತುಂಬುವ ಮುಂಚೆ ಕಂದು ಹಾಕಿದರೆ, ಹರಕೆ ತಪ್ಪಿಸಿರಬೇಕು ಎನ್ನುವರು. ಗುಡ್ಡದ ಮೇಲೆ ಎರಡು ಅಲಗಿನ ಕೊಡಲಿ ಹಿಡಿದ ದೇವರ ಗುಡಿ. ಗುಡಿಯ ಸುತ್ತ ಸಾಲುಸಾಲು ಕಲ್ಲುಗಳು. ದೇವರಿಂದ ಪೆಟ್ಟು ತಿಂದವರು ತಾವು ಮಾಡಿದ್ದೇನು, ತಿಂದದ್ದೇನು ಎಂಬುದನ್ನು ಕಲ್ಲಿನ ಮೇಲೆ ಕೆತ್ತಿಸಿ ಅಲ್ಲಿ ನೆಡಬೇಕು. ಹೋಗಿಬರುವವರು ಅದನ್ನು ಓದಿ ಹೆದರಬೇಕು. ತಪ್ಪುಗಲ್ಲು ಎನ್ನುತ್ತಿದ್ದರು ಅದಕ್ಕೆ. ಆ ಊರಿದ್ದ ಫ್ರುಗ್ಯ ಸೀಮೆಯಲ್ಲಿ ಬೇರೆ ಯಾವ ಬೆಳೆ ಕೈಕೊಟ್ಟರೂ ಈ ಬೆಳೆ ಕೈಕೊಟ್ಟದ್ದಿಲ್ಲ.

ತಾತಿಯಾಳದೂ ಒಂದು ಕಲ್ಲು ಅಲ್ಲಿತ್ತು.

ಆಗ ಅವಳಿಗೆ ಇನ್ನೂ ಚಿಕ್ಕ ವಯಸ್ಸು. ಹಬ್ಬದ ದಿನ ಉಣ್ಣೆಯನ್ನು ಬಣ್ಣಕ್ಕೆ ಅದ್ದಿದ್ದಳು; ಆ ವಾರವೇ ಹಾಲು ಕುಡಿಯುವ ಮಗಳು ಜ್ವರ ಬಂದು ತೀರಿಕೊಂಡಳು. ಗುಡಿಯ ಪೂಜಾರಿ ಎರಡನ್ನೂ ಸೇರಿಸಿ ಗಂಟು ಹಾಕಿದ. 'ತಾತಿಯಾ ಹಬ್ಬದ ದಿನ ಉಣ್ಣೆ ಅದ್ದಿದಳು. ದೇವರು ಅವಳ ಮಗುವನ್ನು ಹೊಡೆದ. ಅವಳು ತಪ್ಪು ಒಪ್ಪಿಕೊಂಡಳು. ದೇವರ ಶಕ್ತಿ ದೊಡ್ಡದು' ಎಂದು ಕಲ್ಲು ನೆಟ್ಟರು. ಗಿರಾಕಿ ಕಾಯುತ್ತಿದ್ದಾನೆ, ಅದ್ದು ಎಂದು ಹೇಳಿದವಳು ಅತ್ತೆ. ಅತ್ತೆಯ ಹೆಸರು ಕಲ್ಲಿನಲ್ಲಿ ಬರಲಿಲ್ಲ, ಅಷ್ಟು ಜಾಗವಿರಲಿಲ್ಲವಂತೆ. ತಾತಿಯಾಳಿಗೆ ಓದು ಬರದು. ಆದರೆ ಆ ನಾಲ್ಕು ಸಾಲನ್ನು ಅವಳು ಉಸಿರಾಡುವಷ್ಟು ಸಲೀಸಾಗಿ ಹೇಳಬಲ್ಲಳು.

ಈಗ ಅತ್ತೆ ಇಲ್ಲ, ಗಂಡನಿಲ್ಲ. ಬಿಸಿನೀರಿನ ಕಾಲುವೆಯ ಪಕ್ಕದ, ಉಣ್ಣೆಗೆ ಬಣ್ಣ ಹಾಕುವ ಬಣ್ಣದ ಮನೆ ಅವಳದೇ. ಉಣ್ಣೆ ಒಣಹಾಕುವ ಉದ್ದನೆಯ ಕೋಣೆಯಲ್ಲಿ ವಾರದ ಮೊದಲ ದಿನ ಸಂಜೆ, ಊರವರು 'ಹೊಸ ದೇವರವರು' ಎಂದು ಮೂಗು ಮುರಿಯುವ ಮಂದಿ ಸೇರಿ ಪ್ರಾರ್ಥಿಸಿ, ರೊಟ್ಟಿ ಮುರಿದು, ಅವಳು ಬೇಯಿಸಿದ ಬೇಳೆ ತಿಂದು ಹೋಗುತ್ತಿದ್ದರು.

ಅವಳು ಹೊಸ ದೇವರ ಕಡೆಗೆ ಬಂದದ್ದು ಸ್ವರ್ಗದ ಆಸೆಯಿಂದಲ್ಲ, ಒಂದು ಕಥೆಯಿಂದ. ಅದನ್ನು ಹೇಳಿದವನು ಲವೊದಿಕೀಯ ಪಟ್ಟಣದಿಂದ ಬಂದ ಒಬ್ಬ ಉಪದೇಶಿ. ಗಲಿಲಾಯದ ಯಾವುದೋ ಹಳ್ಳಿಯ ಬಾವಿಕಟ್ಟೆಯ ಮೇಲೆ, ಮಗು ಸತ್ತ ತಾಯಿಯೊಬ್ಬಳು ಕುಳಿತಿದ್ದಾಳೆ. ಸುತ್ತ ನಿಂತವರು, ಹೊಸ ದೇವರ ಮಗನೆಂದು ಇವರು ನಂಬುವ ಗುರುವನ್ನು ಕೇಳುತ್ತಾರೆ: ಯಾರ ಪಾಪಕ್ಕೆ ಹೀಗಾಯಿತು? ಗುರು ಉತ್ತರ ಕೊಡುವುದಿಲ್ಲ. ಪ್ರಶ್ನೆ ಕೇಳಿಸಲೇ ಇಲ್ಲವೆಂಬಂತೆ ಅವಳ ಪಕ್ಕದಲ್ಲಿ ಕುಳಿತು, 'ಇವಳು ಊಟ ಮಾಡಿದ್ದಾಳೆಯೇ?' ಎನ್ನುತ್ತಾನೆ. ರೊಟ್ಟಿ ತರಿಸಿ, ಮುರಿದು, ಅವಳ ಕೈಗೆ ಕೊಟ್ಟು, 'ನನ್ನ ತಂದೆ ಇಂಥವನು' ಎಂದು ಹೇಳುತ್ತಾನೆ. ಕಥೆ ಅಲ್ಲಿಗೆ ಮುಗಿಯಿತು.

ಸಭೆಯವರಿಗೆ ಈ ಕಥೆ ಅಷ್ಟಾಗಿ ಹಿಡಿಸಿರಲಿಲ್ಲ. ಸಭೆಯ ಹಿರಿಯ ಜೋತಿಕೊಸನ ಹೆಂಡತಿ ಮೆಲ್ತೀನೆ ಮೊದಲ ಸಲ ಕೇಳಿದಾಗಲೇ ಹುಬ್ಬು ಗಂಟಿಕ್ಕಿದ್ದಳು.

"ಮಗು ಎದ್ದು ಕೂತ್ಕೊಳ್ತಾ?"

"ಇಲ್ಲಕ್ಕ," ಎಂದಿದ್ದಳು ತಾತಿಯಾ.

"ಮತ್ತೆ ಇದನ್ಯಾಕೆ ಹೇಳ್ತಾರೆ? ಬೇರೆ ಕಡೆ ಸತ್ತೋರನ್ನೇ ಎಬ್ಬಿಸಿದಾರಂತೆ. ಇಲ್ಲಿ ಬರೀ ರೊಟ್ಟಿನಾ?"

ಆದರೆ ತಾತಿಯಾಳಿಗೆ ಆ ರೊಟ್ಟಿಯೇ ಸಾಕಾಗಿತ್ತು. ಕಥೆ ಕೇಳಿದ ದಿನ ಅವಳು ಕೆಂಪು ಬಣ್ಣಕ್ಕೆ ಮಂಜಿಷ್ಠದ ಬೇರು ಕುಟ್ಟುತ್ತ ಕುಳಿತು ಯೋಚಿಸಿದ್ದಳು: ಇಷ್ಟು ವರ್ಷ ಎಲ್ಲರೂ ನನ್ನನ್ನು ಯಾಕೆ ಮಾಡಿದೆ ಎಂದು ಕೇಳಿದರು. ಹಾಗೆ ಕೇಳದ ದೇವರೊಬ್ಬ ಇದ್ದಾನೆ. ಒನಕೆ ಆ ದಿನ ಹಗುರವಾಗಿತ್ತು. ಅದರ ಮಾರನೆಯ ವಾರವೇ ಅವಳು ದೀಕ್ಷಾಸ್ನಾನಕ್ಕೆ ನೀರಿಗಿಳಿದಳು.

ಲವೊದಿಕೀಯದ ಸಭೆಯವರ ಬಳಿ ಈ ಕಥೆಗಳೆಲ್ಲ ಇದ್ದ ಸುವಾರ್ತೆಯ ಪುಸ್ತಕವಿತ್ತು. ಹಲವು ಸಲ ಕಾಡಿಬೇಡಿದ ಮೇಲೆ ಅವರು ಅದನ್ನು ನಕಲು ಮಾಡಿಕೊಳ್ಳಲು ಕೊಟ್ಟರು. ಮಳೆಗಾಲ ಹಿಡಿಯುವ ಮುಂಚೆ, ಉಣ್ಣೆಯ ಗಾಡಿಯಲ್ಲಿ ವಾಪಸು ಬರಬೇಕು ಎಂಬ ಷರತ್ತಿನ ಮೇಲೆ. ನಕಲು ಮಾಡುವವರು ಯಾರು? ಸಭೆಯಲ್ಲಿ ಅಕ್ಷರ ಅಂದವಾಗಿ ಬರುತ್ತಿದ್ದುದು ಅತ್ತಾಲೊಸ್ ಒಬ್ಬನಿಗೆ. ಅವನ ಕೈ ಪಳಗಿದ್ದು ಗುಡ್ಡದ ಮೇಲೆ. ಗುಡಿಯ ತಪ್ಪುಗಲ್ಲುಗಳಲ್ಲಿ ಮುಕ್ಕಾಲು ಪಾಲು ಅವನ ಉಳಿಯಿಂದಲೇ ಬಂದವು. ಹೇಳಲು ಬಾರದೆ ಅಳುವವರ ತಪ್ಪನ್ನು ಅವನೇ ಒಪ್ಪವಾಗಿ ಜೋಡಿಸಿ ಕೆತ್ತುತ್ತಿದ್ದ. ಸುತ್ತಿಗೆ ಎತ್ತುವ ಬಲ ತೋಳಿನಲ್ಲಿ ಕುಂದಿದ ಮೇಲೆ, ಹೊಸ ದೇವರು ಅವನಿಗೂ ಕಾಣಿಸಿಕೊಂಡಿದ್ದ. ಜೊಂಡಿನ ಲೇಖನಿಗೆ ಅಷ್ಟು ಬಲ ಬೇಡವಲ್ಲ.

ನಕಲು ಮುಗಿದ ಮೇಲೆ ಮೊದಲ ಓದು ತಾತಿಯಾಳ ಮನೆಯಲ್ಲೇ ನಡೆಯಿತು. ಅತ್ತಾಲೊಸ್ ದೀಪದ ಬಳಿ ನಿಂತು ಓದಿದ. ಬಾವಿಕಟ್ಟೆ ಬಂತು, ತಾಯಿ ಬಂದಳು, ಪ್ರಶ್ನೆ ಬಂತು: ಯಾರ ಪಾಪಕ್ಕೆ ಹೀಗಾಯಿತು? ಮುಂದಿನ ಮಾತಿಗೆ ತಾತಿಯಾ, ಬಾಯಾರಿದವಳು ಬೊಗಸೆ ಒಡ್ಡುವಂತೆ ಕಿವಿ ಒಡ್ಡಿದಳು.

"ಆ ತಾಯಿ ಹಬ್ಬದ ದಿನ ಮೈಲಿಗೆಯಲ್ಲಿ ಬಾವಿಯ ನೀರು ಸೇದಿದ್ದಳು, ಆದ್ದರಿಂದ ದೇವರು ಮಗುವನ್ನು ಹೊಡೆದಿದ್ದನು," ಎಂದು ಓದಿದ ಅತ್ತಾಲೊಸ್. ಅನಂತರವೇ ಗುರು ಕುಳಿತದ್ದು, ಊಟದ ಮಾತು, ರೊಟ್ಟಿ.

ಕೋಣೆಯಲ್ಲಿ ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟರು. ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ನಾರು ಕೊನೆಗೂ ಹೊರಬಂದಂಥ ಉಸಿರು.

"ಈಗ ಸರಿಹೋಯ್ತು ನೋಡಿ," ಎಂದ ಜೋತಿಕೊಸ್. "ಮೊದಲು ಏನೋ ಬಿಟ್ಟುಹೋದ ಹಾಗಿತ್ತು."

"ಅಂದ್ಕೊಂಡೆ ನಾನು," ಎಂದಳು ಮೆಲ್ತೀನೆ. "ಏನೋ ಮಾಡಿರ್ತಾಳೆ ಅವಳು ಅಂತ."

ಮರುದಿನ ಅತ್ತಾಲೊಸ್ ಎಂದಿನಂತೆ ಬಣ್ಣದ ಮನೆಗೆ ಬಂದ. ಮೂಲ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಗೆ ಸಿದ್ಧಮಾಡುವುದಿತ್ತು. ತಾತಿಯಾ ಕಡಾಯಿಯಿಂದ ಕೋಲು ತೆಗೆಯದೆ ಕೇಳಿದಳು.

"ಅತ್ತಾಲೊಸಣ್ಣ, ಆ ಸಾಲು ಆ ಪುಸ್ತಕದಲ್ಲಿದೆಯಾ?"

"ಯಾವ ಸಾಲು?"

"ಯಾವುದು ಅಂತ ನಿಮಗೆ ಗೊತ್ತು."

ಅವನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಾದರೂ ಮಾಡಿದ್ದೇನೆ ಎಂದು ಅವನಿಗೆ ಅನ್ನಿಸಿರಲೂ ಇಲ್ಲ. "ಇಲ್ಲ ತಂಗಿ. ಬರೀತಾ ಬರೀತಾ ಅಲ್ಲಿಗೆ ಬಂದಾಗ ಕೈ ತಾನಾಗೇ ಬರೆದುಬಿಡ್ತು. ಯಾರ ಪಾಪ ಅಂತ ಕೇಳಿದ ಮೇಲೆ ಹೇಳಬೇಕಲ್ಲ? ಪ್ರಶ್ನೆ ಹಾಗೇ ಬಿಟ್ಟರೆ ಬಾಗಿಲಿಲ್ಲದ ಮನೆ ಥರ ಕಾಣ್ತಿತ್ತು. ಬರೆದು ನೋಡಿದೆ. ಚೆನ್ನಾಗಿ ಕೂತ್ಕೊಳ್ತು. ಬಿಟ್ಟೆ."

"ಗುರುಗಳು ಬೇಕಂತಲೇ ಹೇಳಲಿಲ್ಲ, ಅಣ್ಣ. ಕಥೆ ಇರೋದೇ ಅಲ್ಲಿ."

"ಹೇಳದೇ ಹೋದ್ರೆ ಆ ತಾಯಿ ಏನು ಮಾಡಬೇಕು, ಹೇಳು? ಸುಮ್ಮಸುಮ್ಮನೆ ಮಗು ಹೋಯ್ತು ಅಂದ್ರೆ ಯಾರ ಎದೆ ತಡಕೊಳ್ಳುತ್ತೆ? ಇಂಥ ತಪ್ಪು ಅಂತ ಹೇಳಿದರೆ, ದಂಡ ಕಟ್ಟಿ, ಕಲ್ಲು ನೆಟ್ಟು, ಮನೆಗೆ ಹೋಗಿ ಮಲಗ್ತಾಳೆ. ಎಷ್ಟು ಜನರನ್ನ ಹಾಗೆ ಮನೆಗೆ ಕಳಿಸಿದೀನಿ ಗೊತ್ತಾ ನಾನು?"

ತಾತಿಯಾ ಅವನ ಮುಖ ನೋಡಿದಳು. ಬಿಳಿಹುಬ್ಬಿನ, ಒಳ್ಳೆಯ ಮುದುಕನ ಮುಖ. ಅವನಿಗೆ ನೆನಪಿಲ್ಲ. ಅವಳು ಕೋಲು ತಿರುವುತ್ತಲೇ ತನ್ನ ಕಲ್ಲಿನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು.

ಅತ್ತಾಲೊಸ್ ಕಣ್ಣು ಕಿರಿದು ಮಾಡಿ ಕೇಳಿದ. ಬಳಿಕ ಮುಖ ಅರಳಿತು. "ಹೌದೌದು! ಬೂದುಬಣ್ಣದ ಕಲ್ಲು. ಮೇಲೆ ಎರಡು ಕಿವಿ ಕೆತ್ತಿದ್ದೆ, ದೇವರು ಕೇಳಿಸಿಕೊಂಡ ಅಂತ. ಅಕ್ಷರ ತುಂಬಾ ಚೆನ್ನಾಗಿ ಬಂದಿತ್ತು."

"ನಾನು ಮನೆಗೆ ಹೋಗಲಿಲ್ಲ, ಅಣ್ಣ," ಎಂದಳು ತಾತಿಯಾ. "ಇನ್ನೂ ಅಲ್ಲೇ ನಿಂತಿದೀನಿ."

ಅವನು ಪುಸ್ತಕದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. ಮೂಲ ಹೋದ ಮೇಲೆ ಊರಿಗೆ ಉಳಿಯುವುದು ಈ ನಕಲೊಂದೇ. ಇಂದು ಕೂಸಾಗಿರುವವರು ನಾಳೆ ಇದನ್ನೇ ಕೇಳಿ ಬೆಳೆಯುತ್ತಾರೆ. ಬಾವಿಕಟ್ಟೆಯ ಮೇಲಿನ ಆ ಹೆಂಗಸು ಲೋಕ ಇರುವತನಕ ಮೈಲಿಗೆಯಲ್ಲಿ ನೀರು ಸೇದಿದವಳಾಗಿಯೇ ಇರುತ್ತಾಳೆ. ತಾತಿಯಾ ಸೆರಗಿನಿಂದ ಕೈ ಒರೆಸಿಕೊಂಡು ಜೋತಿಕೊಸನ ಮನೆಗೆ ಹೋದಳು.

ಜೋತಿಕೊಸ್ ಉಣ್ಣೆ ವ್ಯಾಪಾರಿ. ಕೆಟ್ಟವನಲ್ಲ. ಒಣ ಅಂಜೂರ ಮುಂದಿಟ್ಟು, ಅವಳ ಮಾತನ್ನು ಪೂರ್ತಿ ಕೇಳಿ, ದೇವರ ಪರವಾಗಿ ನೊಂದುಕೊಂಡ.

"ತಾತಿಯಾ, ಸ್ವಲ್ಪ ಯೋಚನೆ ಮಾಡು. ಗುಡ್ಡದ ಮೇಲಿರೋನು, ಯಾರಾದ್ರೂ ಒಂದು ಕುರಿ ಕದ್ದರೆ ಅವರ ಕೈನೇ ಬಿದ್ದುಹೋಗೋ ಹಾಗೆ ಮಾಡ್ತಾನೆ. ಊರಿಗೆ ಊರೇ ನಡುಗುತ್ತೆ. ನಮ್ಮೋನು ಅವನಿಗಿಂತ ಕಡಿಮೇನಾ?"

"ಕಡಿಮೆ ಅಲ್ಲ. ಬೇರೆ."

"ಬೇರೆ ಅಂದ್ರೆ?"

"ಹೊಡೆಯಲ್ಲ. ಕೂತ್ಕೊಂಡು ಊಟ ಆಯ್ತಾ ಅಂತ ಕೇಳ್ತಾನೆ."

"ಅದನ್ನ ನಮ್ಮಜ್ಜಿನೂ ಕೇಳ್ತಿದ್ಲು," ಎಂದ ಜೋತಿಕೊಸ್ ಬೇಸರದಿಂದ. "ದೇವರು ಅಂದ ಮೇಲೆ ಸ್ವಲ್ಪ ಗತ್ತು ಬೇಡವಾ? ಒಳ್ಳೆಯೋನು, ಒಪ್ತೀನಿ. ಆದರೆ ಕೈಲಾಗದೋನು ಅಂತ ಊರವರು ಅಂದ್ಕೋಬಾರದಲ್ಲ."

"ಪುಸ್ತಕ ಬರೆದೋರಿಗೆ ಆ ಚಿಂತೆ ಇರಲಿಲ್ಲ."

"ಅವರು ನಮ್ಮೂರಲ್ಲಿ ಇರಲಿಲ್ಲ. ನೋಡಮ್ಮ, ಬರೆದಿಟ್ಟ ದೇವರ ಮಾತಿನ ಮೇಲೆ ಕೈ ಹಾಕಿದೋರಿಗೆ ಒಳ್ಳೇದಾಗಲ್ಲ."

"ಕೈ ಹಾಕಿದ್ದು ನಾನಾ?"

ಅದಕ್ಕೆ ಅವನು ಇನ್ನೊಂದು ಅಂಜೂರ ಮುಂದೆ ತಳ್ಳಿದ.

ಅದಾಗಿ ಎರಡು ದಿನಕ್ಕೆ ತಾತಿಯಾಳ ಎಡಗಣ್ಣು ಊದಿಕೊಂಡಿತು. ಬೆಳಿಗ್ಗೆ ರೆಪ್ಪೆಯ ಅಂಚಿನಲ್ಲಿ ಒಂದು ಗುಳ್ಳೆ. ಮಧ್ಯಾಹ್ನದೊಳಗೆ ಕಣ್ಣೇ ಮುಚ್ಚಿಹೋಯಿತು. ಬಣ್ಣ ಹಿಡಿಯಲು ಹಾಕುವ ಪಟಿಕದ ಹಬೆಗೆ ಮುಖವೊಡ್ಡುವ ಬಣ್ಣಗಾರರಿಗೆ ಇದು ಹೊಸದಲ್ಲ. ಆದರೆ ಸಭೆಯಲ್ಲಿ ಬೇರೆ ಬಣ್ಣಗಾರರಿರಲಿಲ್ಲ.

ಮೊದಲು ಬಂದವಳು ಮೆಲ್ತೀನೆ. ಒಂದು ಕೈಯಲ್ಲಿ ಜೇನಿನ ಮುಲಾಮು, ಮುಖದಲ್ಲಿ ನಿಜವಾದ ಮರುಕ, ಅದರ ಅಡಿಯಲ್ಲಿ ಅಡಗಿಸಲಾಗದ ಹಿಗ್ಗು.

"ಅಯ್ಯೋ ನನ್ನ ಚಿನ್ನ, ಎಷ್ಟು ಬೇಗ ಹೊಡೆದುಬಿಟ್ಟ! ನಮ್ಮನೆಯೋರು ಹೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ."

"ಗುಳ್ಳೆ ಅಕ್ಕ ಇದು."

"ಗುಳ್ಳೆನೇ. ಗುಳ್ಳೆ ಎಬ್ಬಿಸಿದ್ದು ಯಾರು?" ಮುಲಾಮು ಸವರುತ್ತ ಅವಳು ದನಿ ತಗ್ಗಿಸಿದಳು. "ಇನ್ನೊಂದು ಗೊತ್ತಾ? ಗುಡ್ಡದ ಪೂಜಾರಿ ಏನಂತಿದಾನಂತೆ ಗೊತ್ತಾ? ತನ್ನ ದೇವರನ್ನ ಬಿಟ್ಟು ಬಂದಿದ್ದಕ್ಕೆ ಆ ದೇವರೇ ಹೊಡೆದಿದ್ದು ಅಂತ. ಎಂಥ ಧೈರ್ಯ ನೋಡು! ಅದಕ್ಕೇ ನೀನು ಬೇಗ ತಪ್ಪೊಪ್ಕೊಂಡುಬಿಡು. ಇಲ್ಲದಿದ್ದರೆ ಈ ಕಣ್ಣು ಅವರ ಲೆಕ್ಕಕ್ಕೆ ಹೋಗುತ್ತೆ."

ಒಂದು ಕಣ್ಣಿಗೆ ಇಬ್ಬರು ದೇವರು ಜಗ್ಗಾಡುತ್ತಿದ್ದಾರೆ ಎಂದು ತಾತಿಯಾಳಿಗೆ ನಗು ಬಂತು. ನಕ್ಕರೆ ರೆಪ್ಪೆ ಎಳೆದು ನೋಯುತ್ತಿತ್ತು.

ಮೆಲ್ತೀನೆ ಹೋದ ಮೇಲೆ ನಗು ನಿಂತಿತು. ಒಂಟಿಗಣ್ಣಿನಲ್ಲಿ ನೂಲಿನ ಲಡಿಗಳನ್ನು ತಡವುತ್ತ ಕುಳಿತವಳು ತಾನು ಏನು ಮಾಡುತ್ತಿದ್ದೇನೆ ಎಂಬುದನ್ನು ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದಳು. ಬೆರಳು ಮಡಚಿ ಎಣಿಸುತ್ತಿದ್ದಳು. ಹಿರಿಯನಿಗೆ ಎದುರುತ್ತರ ಕೊಟ್ಟಿದ್ದು ಒಂದು. ಪ್ರಾರ್ಥನೆಯ ನಡುವೆ ಬೇಳೆ ಸೀಯುತ್ತದೆಂದು ಎದ್ದುಹೋದದ್ದು ಇನ್ನೊಂದು. ಉಪವಾಸದ ದಿನ ಮರೆತು ಬಾಯಿಗೆ ಹಾಕಿಕೊಂಡ ಆಲಿವ್ ಕಾಯಿ. ಯಾರೂ ಹೇಳಿಕೊಡದೆ, ಯಾರೂ ಕೇಳದೆ, ಅವಳ ಮನಸ್ಸು ತಾನಾಗಿ ಉಳಿ ಹಿಡಿದು ಕೆತ್ತಲು ಕುಳಿತಿತ್ತು. ಜೋತಿಕೊಸನ ಮೇಲೆ ಬಾರದ ಸಿಟ್ಟು ಅವಳಿಗೆ ಆಗ ತನ್ನ ಮೇಲೆಯೇ ಬಂತು. ಅಷ್ಟು ದಿನ ರೊಟ್ಟಿಯ ಕಥೆ ಕೇಳಿದ್ದೆಲ್ಲ ನೀರಿನಲ್ಲಿ ಹೋಮವಾಯಿತೇ? ಆ ಸಾಲು ಪುಸ್ತಕದಲ್ಲಿ ಉಳಿದರೆ, ಇನ್ನು ಈ ಕೈಯನ್ನು ಹಿಡಿದು ನಿಲ್ಲಿಸುವವರು ಯಾರು?

ಮಡಚಿದ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸಿದಳು.

ವಾರದ ಮೊದಲ ದಿನ ಸಂಜೆ ಸಭೆ ಎಂದಿಗಿಂತ ಬೇಗ ತುಂಬಿತು. ಕಣ್ಣು ನೋಡಬೇಕಲ್ಲ. ಹಾಡು ಮುಗಿಯುತ್ತಲೇ ಜೋತಿಕೊಸ್ ಎದ್ದು, ನಮ್ಮ ದೇವರು ಕರುಣಾಳು, ಒಪ್ಪಿಕೊಂಡವರನ್ನು ಕ್ಷಮಿಸುತ್ತಾನೆ, ನಮ್ಮ ಸೋದರಿ ನಾಲ್ಕು ಮಾತು ಹೇಳುತ್ತಾಳೆ ಎಂದ. ತಾತಿಯಾ ಸುಮ್ಮನಿದ್ದುದನ್ನು ಕಂಡು ಅತ್ತಾಲೊಸನ ಕಡೆ ತಿರುಗಿದ.

"ಅವಳಿಗೆ ಮಾತು ಜೋಡಿಸೋಕೆ ಆಗ್ತಿಲ್ಲ. ನಿಮಗೆ ಅಭ್ಯಾಸ ಇದೆಯಲ್ಲ, ನೀವೇ ಬರಕೊಡಿ. ನೀವೇ ಓದಿದರೂ ಆಯ್ತು."

ಅತ್ತಾಲೊಸ್ ಲೇಖನಿ ಹಿಡಿದು ಅವಳೆದುರು ಮಣೆ ಎಳೆದುಕೊಂಡ. ಅವನ ಭುಜ ತಾನಾಗಿ ಮುಂದಕ್ಕೆ ಬಾಗಿತು, ಕಸುಬಿನ ಭಂಗಿ.

"ಹೇಳಮ್ಮ. ಏನು ತಪ್ಪು?"

"ನಿಮಗೆ ತೋಚಿದ್ದು ಬರೀರಿ, ಅಣ್ಣ. ಆಗಲೂ ಹಾಗೇ ಬರೆದ್ರಲ್ಲ."

"ಆಗ ಯಾರೋ ಹೇಳಿರ್ತಾರೆ. ನಾನು ಸುಮ್ಮನೆ ಬರೆಯೋನಲ್ಲ."

"ನಮ್ಮತ್ತೆ ಹೇಳಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ನೀವು ನನ್ನ ಕಡೆ ನೋಡಲಿಲ್ಲ."

"ಏನಿದು, ಹಳೇ ಪುರಾಣ," ಎಂದ ಜೋತಿಕೊಸ್.

"ಹಳೇದೇ. ಅದನ್ನೇ ಹೊಸ ಪುಸ್ತಕದಲ್ಲಿ ಬರೆದಿಟ್ಟಿದೀರ." ತಾತಿಯಾ ಎದ್ದು ನಿಂತಳು. ಊದಿದ ಕಣ್ಣು ಎಲ್ಲರಿಗೂ ಕಾಣುವಂತೆ ಮುಖವನ್ನು ದೀಪದ ಕಡೆ ತಿರುಗಿಸಿದಳು. "ಕೇಳಿ. ಈ ಕಣ್ಣು ಕುರುಡಾದರೂ ನಾನು ತಪ್ಪೊಪ್ಪಲ್ಲ. ಹೊಡೆಯೋ ದೇವರು ನನಗೆ ಗುಡ್ಡದ ಮೇಲೇ ಇದ್ದ. ಅವನಿಗೋಸ್ಕರ ಇಷ್ಟು ದೂರ ಇಳಿದು ಬರಬೇಕಾಗಿರಲಿಲ್ಲ. ಆ ಸಾಲು ಇರೋದಾದರೆ ಮುಂದಿನ ವಾರದಿಂದ ಸಭೆ ಬೇರೆ ಮನೇಲಿ ಸೇರಲಿ."

ಬೇರೆ ಮನೆ ಎಂದರೆ ಜೋತಿಕೊಸನದು; ಅಲ್ಲಿ ಇಷ್ಟು ಜನ ಹಿಡಿಸರು. ಇಷ್ಟು ಬೇಳೆಯೂ ಬೇಯದು. ದೇವರು ಹೊಡೆಯುವನೋ ಇಲ್ಲವೋ ಎಂಬ ಪ್ರಶ್ನೆ ಈಗ ಮೊದಲ ಸಲ ಎಲ್ಲರಿಗೂ ಕಷ್ಟದ್ದಾಗಿ ಕಂಡಿತು. ಜೋತಿಕೊಸ್ ಮೇಲೆ ನೋಡಿದ. ಅಲ್ಲಿ ಕೆಂಪು ಲಡಿಗಳು ತೂಗುತ್ತಿದ್ದವು.

ಕೊನೆಗೆ ಮಾತಾಡಿದವಳು ಮೆಲ್ತೀನೆ. ಅವಳಿಗೆ ಹಸಿವೆ ತಡೆಯದು.

"ಆರಿಹೋಗ್ತಿದೆ ಬೇಳೆ! ಮೊದಲು ಊಟ ಮಾಡಿ, ತಪ್ಪು ಆಮೇಲೆ ನೋಡ್ಕೊಳ್ಳೋಣ. ತಾತಿಯಾ, ನೀನು ಬೆಳಿಗ್ಗೆಯಿಂದ ಏನಾದರೂ ತಿಂದಿದೀಯಾ ಇಲ್ವಾ? ಮುಖ ನೋಡು, ಹೇಗಾಗಿದೆ. ಹಿಡಿ ಇದನ್ನ." ರೊಟ್ಟಿ ಮುರಿದು ದೊಡ್ಡ ತುಂಡನ್ನೇ ಅವಳ ಕೈಗೆ ತುರುಕಿದಳು.

ಯಾರೂ ಏನನ್ನೂ ಗಮನಿಸಲಿಲ್ಲ. ತಟ್ಟೆಗಳ ಸದ್ದು, ಈರುಳ್ಳಿ ಎಲ್ಲಿ ಎಂಬ ಕೂಗು. ತಾತಿಯಾ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದಳು. ತಲೆ ಎತ್ತಿದರೆ, ಅತ್ತಾಲೊಸನೂ ಅದನ್ನೇ ನೋಡುತ್ತಿದ್ದ. ಲೇಖನಿ ಅವನ ಬೆರಳಲ್ಲಿ ಹಾಗೆಯೇ ನಿಂತಿತ್ತು.

ಅವನು ಊಟಕ್ಕೆ ಏಳಲಿಲ್ಲ. ನಕಲನ್ನು ತೊಡೆಯ ಮೇಲೆ ಬಿಡಿಸಿಕೊಂಡು, ಪುಟ ಹುಡುಕಿ, ಸ್ಪಂಜನ್ನು ನೀರಿಗೆ ಅದ್ದಿ ಹಿಂಡಿ, ಆ ಸಾಲಿನ ಮೇಲೆ ಒಂದು ಸಲ ಎಳೆದ. ಅಕ್ಷರ ಕದಡಿತು. ಇನ್ನೊಂದು ಸಲ ಎಳೆದ. ಬಾಳೆಲ್ಲ ಕಲ್ಲಿನಲ್ಲಿ ಬರೆದವನಿಗೆ, ಬರೆದದ್ದು ಇಷ್ಟು ಸುಲಭವಾಗಿ ಹೋಗುತ್ತದೆಂದು ಗೊತ್ತಿರಲಿಲ್ಲವೇನೋ. ಬೂದುಬಣ್ಣದ ಆ ಕಲೆಯನ್ನು ಬಹಳ ಹೊತ್ತು ನೋಡುತ್ತ ಕುಳಿತ.

ಜೋತಿಕೊಸ್ ನೋಡಿದ. ಬಾಯಲ್ಲಿ ಬೇಳೆ ಇದ್ದುದರಿಂದ ಏನೂ ಹೇಳಲಿಲ್ಲ.

ಮಾರನೆಯ ವಾರದೊಳಗೆ ಮೂಲ ಪುಸ್ತಕ ಗಾಡಿ ಹತ್ತಿ ಹೋಯಿತು. ತಾತಿಯಾಳ ಗುಳ್ಳೆ, ಗುಳ್ಳೆಗಳೆಲ್ಲ ಮಾಡುವಂತೆ, ಪಕ್ವವಾಗಿ ಒಡೆದು ಕಣ್ಣು ತೆರೆಯಿತು. ಸಭೆ ಸೇರಿದಾಗ ಅವಳು ಎರಡು ಕಣ್ಣಿನಿಂದಲೂ ಎಲ್ಲರನ್ನೂ ನೋಡುತ್ತ, ಬಾವಿಕಟ್ಟೆಯ ಕಥೆಗಾಗಿ ಕಾದಳು. ಅತ್ತಾಲೊಸ್ ಓದಿದ. ಯಾರ ಪಾಪಕ್ಕೆ ಹೀಗಾಯಿತು? ಕಲೆಯ ಮೇಲೆ ಅವನ ದನಿ ಒಂದು ಕ್ಷಣ ನಿಂತು, ದಾಟಿತು. ಗುರು ಅವಳ ಪಕ್ಕದಲ್ಲಿ ಕುಳಿತ. ತಾತಿಯಾ ಕಣ್ಣು ಮುಚ್ಚಿಕೊಂಡಳು.

ತೆರೆದಾಗ ಜೋತಿಕೊಸ್ ಎದ್ದು ನಿಂತಿದ್ದ. ಮುಖದಲ್ಲಿ ತೇಜಸ್ಸು.

"ಅಣ್ಣಂದಿರೇ, ಅಕ್ಕಂದಿರೇ, ನೋಡಿದಿರಾ ದೇವರ ಶಕ್ತಿ! ಹೊಡೆಯೋ ದೇವರಲ್ಲ ನಾನು ಅಂತ ಪುಸ್ತಕದಲ್ಲಿ ಹೇಳಿದಾನೆ. ನಾವು ಅದನ್ನ ತಿದ್ದಿಬಿಟ್ವಿ. ಬಿಟ್ಟನಾ? ನಮ್ಮ ತಾತಿಯಾಳ ಕಣ್ಣಿಗೇ ಹೊಡೆದ! ಸಾಲು ಅಳಿಸಿದ್ವಿ, ಕಣ್ಣು ಕೊಟ್ಟ! ಇಂಥ ದೇವರು ಇನ್ನೆಲ್ಲಿದಾನೆ?"

"ಎಲ್ಲೂ ಇಲ್ಲ!" ಎಂದಿತು ಸಭೆ. ಮೆಲ್ತೀನೆ ಕಣ್ಣೊರೆಸಿಕೊಂಡಳು.

"ಹಬೆ ತಾಗಿ ಆಗಿದ್ದು ಅದು," ಎಂದಳು ತಾತಿಯಾ.

"ಹಬೆ ಎಬ್ಬಿಸಿದ್ದು ಯಾರು?"

"ನಾನು. ಕಡಾಯಿ ಕೆಳಗೆ ಬೆಂಕಿ ಹಾಕಿ."

ಎಲ್ಲರೂ ಪ್ರೀತಿಯಿಂದ ನಕ್ಕರು. ಆ ಪ್ರೀತಿ ನಿಜವಾದದ್ದು, ಕಷ್ಟವಿದ್ದದ್ದೂ ಅಲ್ಲೇ. ಜೋತಿಕೊಸ್ ಅತ್ತಾಲೊಸನ ಹೆಗಲ ಮೇಲೆ ಕೈಯಿಟ್ಟ.

"ಇದನ್ನ ಪುಸ್ತಕದ ಕೊನೇಲಿ ಬರೆದಿಡಬೇಕು. ಮುಂದಿನೋರು ಓದಿ ಭಯಭಕ್ತಿಯಿಂದ ಇರಲಿ. ಈಗಲೇ ಬರೀರಿ."

ಅತ್ತಾಲೊಸ್ ಲೇಖನಿಯನ್ನು ಎತ್ತಿಕೊಳ್ಳಲಿಲ್ಲ. "ಶಾಯಿ ಮುಗಿದಿದೆ," ಎಂದ ನಿಧಾನವಾಗಿ, ಬಟ್ಟಲನ್ನು ಅಂಗೈಯಿಂದ ಮುಚ್ಚಿ.

"ಮಾಡ್ಕೊಂಡರಾಯ್ತು. ಒಂದಿಷ್ಟು ಮಸಿ, ಒಂದಿಷ್ಟು ಅಂಟು. ತಾತಿಯಾ, ಒಂದು ಚಿಪ್ಪು ಮಸಿ ಕೆರೆದು ಕೊಡಮ್ಮ."

ತಾತಿಯಾ ನಿಂತಿದ್ದುದು ತನ್ನ ದೊಡ್ಡ ಕಡಾಯಿಗೆ ಒರಗಿ. ಅತ್ತೆಯ ಅತ್ತೆಯ ಕಾಲದಿಂದ ಕೋಣೆಯ ತುದಿಯ ಒಲೆಯ ಮೇಲಿದ್ದ ಕಡಾಯಿ. ಅದರ ಅಡಿಯಲ್ಲಿ ಬೆರಳುಗಾತ್ರದ ಮಸಿ ಹೆಪ್ಪುಗಟ್ಟಿತ್ತು. ಅವಳ ಸೆರಗಿಗೂ ಅದು ಹತ್ತಿತ್ತು.

"ಈ ಮನೇಲಿ ಮಸಿ ಇಲ್ಲ," ಎಂದಳು.

ಎಲ್ಲರೂ ಕಡಾಯಿಯನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ದೀಕ್ಷೆಯಾದ ಮೇಲೆ, ದೇವರ ಪುಸ್ತಕದ ಎದುರಿಗೇ, ಅವಳು ಹೇಳಿದ ಮೊದಲ ಹಸಿ ಸುಳ್ಳು. ಹಳೆಯ ಅಭ್ಯಾಸಕ್ಕೆ ಅವಳೂ ಒಂದು ಕ್ಷಣ ಉಸಿರು ಹಿಡಿದು ಕಾದಳು.

ಏನೂ ಆಗಲಿಲ್ಲ.

ಸೌಟು ತೆಗೆದುಕೊಂಡು ಬೇಳೆ ಬಡಿಸತೊಡಗಿದಳು. ಪಕ್ಕದಲ್ಲಿದ್ದ ಮೆಲ್ತೀನೆ ಮಾತ್ರ, ಯಾವುದಕ್ಕೂ ಇರಲಿ ಎಂದು, ತಟ್ಟೆ ಹಿಡಿದುಕೊಂಡೇ ತುಸು ಆಚೆ ಸರಿದು ಕುಳಿತಳು.